ಭಾವನ ಕಡತಕ್ಕೆ ಅಂಟಿದ ಹೋಳಿಗೆ

ನಮ್ಮ ಭಾವ ಕುಳಿತದ್ದನ್ನು ಇಪ್ಪತ್ತೆಂಟು ವರ್ಷಗಳಲ್ಲಿ ನಾವು ಕಂಡಿದ್ದುದು ಎರಡೇ ಸಲ! ಒಂದು, ಅಕ್ಕನನ್ನು ಮದುವೆಯಾದ ದಿನ. ಅದೂ ಪುರೋಹಿತರು ಹೆಗಲು ಹಿಡಿದು ಒತ್ತಿದ್ದರಿಂದ. ಇನ್ನೊಂದು, ಹಲ್ಲಿನ ವೈದ್ಯರ ಕುರ್ಚಿಯಲ್ಲಿ. ಅಲ್ಲಿಯೂ ಹಲ್ಲು ಅರ್ಧ ಅಲುಗಾಡಿದ ಮೇಲೆ ಎದ್ದು ಒಂದು ಸುತ್ತು ಹಾಕಿ ಬಂದರೆಂದು ಅಕ್ಕ ಹೇಳುತ್ತಾಳೆ. ಅಕ್ಕ ಸುಳ್ಳು ಹೇಳುವವಳಲ್ಲ, ಸ್ವಲ್ಪ ಹಿಗ್ಗಿಸುತ್ತಾಳೆ ಅಷ್ಟೆ.

ಭಾವ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಮುಖ್ಯ ಕಾನೂನು ಸಲಹೆಗಾರರು. ಅಂಥ ವಿಶ್ವವಿದ್ಯಾಲಯದ ಮೇಲೆ ಯಾರು ಕೇಸು ಹಾಕುತ್ತಾರೆ ಎಂದು ಕೇಳಬೇಡಿ, ಯಾರು ಹಾಕುವುದಿಲ್ಲ ಎಂದು ಕೇಳಿ! ಪಾಸಾಗದವರು, ಪಾಸಾಗಿಯೂ ಅಂಕ ಸಾಲದೆನ್ನುವವರು, ಬಡ್ತಿ ಸಿಗದ ಪ್ರಾಧ್ಯಾಪಕರು, ಪಕ್ಕದ ಕೋಣೆಯವರಿಗೆ ಬಡ್ತಿ ಸಿಕ್ಕಿತೆಂದು ನೊಂದ ಪ್ರಾಧ್ಯಾಪಕರು, ಕಾಂಪೌಂಡಿನೊಳಗಿನ ಹುಣಸೆಮರ ತಮ್ಮ ತಾತನದು ಎನ್ನುವವರು. ಇವರೆಲ್ಲರಿಗೂ ಉತ್ತರ ಕೊಡುವವರು ಒಬ್ಬರೇ. ಹೀಗಿರುವಾಗ ಮನುಷ್ಯ ಕೂರುವುದಾದರೂ ಯಾವಾಗ?

ಯಲಹಂಕದ ಮನೆಯಲ್ಲಿ ಅವರು ಮೇಲೆ, ನಾವು ಕೆಳಗೆ. ಕೇಸಿನ ತೂಕ ನನಗೆ ಸೂರಿನಿಂದಲೇ ತಿಳಿಯುತ್ತದೆ. ಸಣ್ಣದಾದರೆ ಹೆಜ್ಜೆ ಹಾಲಿನಿಂದ ಅಡುಗೆಮನೆಯವರೆಗೆ. ಸ್ವಲ್ಪ ದೊಡ್ಡದಾದರೆ ತಾರಸಿಯ ಮೇಲೆ. ಸೂರಿನ ಮೇಲೆ ಸದ್ದೇ ಇಲ್ಲ, ಗೇಟು ಮಾತ್ರ ಕಿರ್ ಎಂದಿತು ಎಂದರೆ ಭಾವ ಪುಟ್ಟೇನಹಳ್ಳಿ ಕೆರೆಯ ದಿಕ್ಕಿಗೆ ಹೊರಟರು, ಅದು ಹೈಕೋರ್ಟಿನ ವಿಷಯ ಎಂದೇ ಅರ್ಥ. ಕಾಫಿಯನ್ನೂ ನಡೆಯುತ್ತಲೇ ಕುಡಿಯುತ್ತಾರೆ. ಅಕ್ಕನ ಮನೆಯ ನೆಲದ ಮೇಲಿನ ಕಾಫಿ ಹನಿಗಳನ್ನು ಹಿಡಿದು ಹೋದರೆ ಅಂದಿನ ವಾದದ ಜಾಡು ಸಿಗುತ್ತದೆ. ಹನಿ ಎಲ್ಲಿ ದಪ್ಪವಾಗಿದೆಯೋ ಅಲ್ಲಿ ನ್ಯಾಯಮೂರ್ತಿಗಳು ಅಡ್ಡ ಪ್ರಶ್ನೆ ಕೇಳಿದ್ದಾರೆ!

ಕೋರ್ಟಿರುವ ದಿನ ಹತ್ತೂವರೆಯ ಕಲಾಪಕ್ಕೆ ಆರು ಗಂಟೆಗೇ ಹೊರಡುತ್ತಾರೆ.

"ಹೆಬ್ಬಾಳದ ಟ್ರಾಫಿಕ್ಕಲ್ಲಿ ಏನಾದ್ರೂ ಆದ್ರೆ?"

"ಹೆಬ್ಬಾಳದಲ್ಲಿ ದಿನಾ ಏನಾದ್ರೂ ಆಗೇ ಆಗುತ್ತೆ ಕಣ್ರೀ, ಅದಕ್ಕೇ ಅದು ಹೆಬ್ಬಾಳ!" ಎನ್ನುತ್ತಾಳೆ ಅಕ್ಕ, ಡಬ್ಬಿಗೆ ಚಿತ್ರಾನ್ನ ತುಂಬುತ್ತ.

ಇಂಥವರನ್ನು ಸೊಪ್ಪು ತರಲು ಕಳಿಸಬಾರದು. ಒಮ್ಮೆ ಕಳಿಸಿದೆವು. ಚಿಕ್ಕಜಾಲದ ಕಡೆಯಿಂದ ಸೊಪ್ಪು ತರುವ ಅಜ್ಜಿ ಗೇಟಿನ ಮುಂದೆ ಬುಟ್ಟಿ ಇಳಿಸಿದ್ದಳು.

"ಇದು ಇವತ್ತೇ ಕಿತ್ತದ್ದಾ?" ಎಂದರು ಭಾವ, ಬುಟ್ಟಿಗೆ ಪ್ರದಕ್ಷಿಣೆ ಹಾಕುತ್ತ.

"ಇವತ್ತೇ ಸಾಮಿ, ಒತ್ತಾರೆ."

"ನೀವೇ ಕಿತ್ತಿರಾ?"

"ನಮ್ ಸೊಸೆ ಕಿತ್ತಿದ್ದು."

"ಹಾಗಾದ್ರೆ ಅದು ನೀವು ಕೇಳಿದ್ದು, ಕಣ್ಣಾರೆ ಕಂಡದ್ದಲ್ಲ. ಸೊಸೆ ಎಲ್ಲಿದ್ದಾರೆ?"

ಅಜ್ಜಿ ಬುಟ್ಟಿಯನ್ನು ಮತ್ತೆ ತಲೆಗೆ ಎತ್ತಿಕೊಂಡಳು. "ನೀವು ಇಂಗೇ ಕೇಳ್ತಾ ನಿಂತ್ರೆ ಇವತ್ತಿನ ಸೊಪ್ಪು ನಿನ್ನೇದಾಗೋಯ್ತದೆ ಸಾಮಿ!"

ಆ ದಿನ ಎರಡೂ ಮನೆಯಲ್ಲಿ ತಿಳಿಸಾರು.

ಭಾವನಿಗೆ ಒಂದು ಪದ್ಧತಿ ಇದೆ. ಕೇಸು ಮುಗಿದ ಮೇಲೆ ಕಡತವನ್ನು ಬೇರೆ ಯಾರೂ ಕಟ್ಟುವಂತಿಲ್ಲ. ಗುಮಾಸ್ತರು ಮುಖಪುಟದ ಮೇಲೆ ಎಷ್ಟು ಹಾಳೆ ಎಂದು ಬರೆದಿರುತ್ತಾರಲ್ಲ, ಆ ಲೆಕ್ಕಕ್ಕೆ ಸರಿಯಾಗಿ ತಾವೇ ಒಂದೊಂದಾಗಿ ಎಣಿಸಿ, ಕೆಂಪು ದಾರ ಸುತ್ತಿ, ಗಂಟು ಹಾಕಬೇಕು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. "ಗೆದ್ದಾಯ್ತಲ್ಲ, ಇನ್ನೇನು ಎಣಿಸೋದು?" ಎಂದು ನಾನು ಕೇಳಿದ್ದುಂಟು. "ಗೆದ್ದಾಗಲೇ ಎಣಿಸ್ಬೇಕಮ್ಮ. ಸೋತ ಕಡತಾನ ಎಲ್ಲರೂ ನೋಡ್ತಾರೆ, ಗೆದ್ದದ್ದನ್ನ ಯಾರೂ ತೆರೆಯಲ್ಲ," ಎಂದಿದ್ದರು. ಆಗ ನನಗೆ ನಗು ಬಂದಿತ್ತು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ.

ಹೋದ ಯುಗಾದಿಗೆ ನಾನು ಕಾಯಿಹೋಳಿಗೆ ಮಾಡಿದ್ದೆ. ಪಾಕ ಸ್ವಲ್ಪ ಎಳಸಾಗಿತ್ತು. ಹೂರಣ ಅಂಚಿನಿಂದ ಜಿನುಗುತ್ತಿತ್ತು. ಬಿಸಿಯಾಗಿ ನಾಲ್ಕನ್ನು ಮೇಲೆ ಕೊಂಡುಹೋದೆ. ಭಾವ ಎಡಗೈಯಲ್ಲಿ ಕಡತ, ಬಲಗೈಯಲ್ಲಿ ಹೋಳಿಗೆ ಹಿಡಿದು ಹಾಲು–ಅಡುಗೆಮನೆ, ಅಡುಗೆಮನೆ–ಹಾಲು ಎಂದು ತಿರುಗಿದರು. ಕೂತು ತಿನ್ನುವ ಮನುಷ್ಯರಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಕಡತ ಆರ್.ಟಿ. ನಗರದ ಒಬ್ಬ ಹುಡುಗಿಯದು. ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ಒಂದು ಪತ್ರಿಕೆಯಲ್ಲಿ ಅವಳು ಗೈರುಹಾಜರು ಎಂದು ವಿಶ್ವವಿದ್ಯಾಲಯ ಬರೆದಿತ್ತು. ನಾನು ಪರೀಕ್ಷೆ ಬರೆದಿದ್ದೇನೆ ಎಂದು ಅವಳು ಕೋರ್ಟಿಗೆ ಹೋದಳು. ಪರೀಕ್ಷಾ ಕೊಠಡಿಯಲ್ಲಿ ವಿದ್ಯಾರ್ಥಿಗಳು ಸಹಿ ಮಾಡುವ ಹಾಳೆ ಇರುತ್ತದಲ್ಲ, ಅದನ್ನು ತೋರಿಸಿ ಎಂದಿತು ಕೋರ್ಟು. ಪರೀಕ್ಷಾ ವಿಭಾಗದವರು ಅದು ಸಿಗುತ್ತಿಲ್ಲ ಎಂದರು. ಭಾವ ಹಬ್ಬ ಕಳೆದ ಮೇಲೆ, ಕಾಲೇಜಿನಿಂದ ಬಂದು ಕಡತ ಸೇರಿದ್ದ ಕಟ್ಟನ್ನು ತಿರುವಿ ನೋಡಿ, "ದಾಖಲೆಯಲ್ಲಿ ಇಲ್ಲ" ಎಂದು ನಿಂತು ಹೇಳಿದರು. ಹುಡುಗಿ ಸೋತಳು. ಬಿ.ಎಡ್. ಸೇರಬೇಕೆಂದಿದ್ದವಳ ಪದವಿ ಅಲ್ಲೇ ನಿಂತಿತು.

ತೀರ್ಪು ಬಂದ ವಾರದ ಭಾನುವಾರ. ಬೆಳಿಗ್ಗೆ ಭಾವ ಕಡತ ಎಣಿಸಿದರು. ಮುಖಪುಟದಲ್ಲಿ ನೂರ ನಲವತ್ತಾರು ಎಂದಿತ್ತು. ಎಣಿಸಿದಾಗ ನೂರ ನಲವತ್ತೈದು. ಮತ್ತೆ ಎಣಿಸಿದರು. ಅಕ್ಕನಿಂದ ಎಣಿಕೆ ಮಾಡಿಸಿದರು. ಕೊನೆಗೆ ಕೆಳಗೆ ಬಂದು ನನ್ನಿಂದಲೂ ಮಾಡಿಸಿದರು. ಹಾಳೆಗಳ ಮೂಲೆಯಲ್ಲಿ ಬರೆದ ಸಂಖ್ಯೆ ನೋಡಿದರೆ ಎಂಬತ್ತೆರಡಾದ ಮೇಲೆ ಎಂಬತ್ತನಾಲ್ಕು. ಎಂಬತ್ತೆರಡನೆಯ ಹಾಳೆ ಮಾತ್ರ ಉಳಿದವಕ್ಕಿಂತ ದಪ್ಪ, ಅಂಚಿನಲ್ಲಿ ಒಂದು ಕಂದು ಕಲೆ. ನಾನು ಮೂಸಿ ನೋಡಿದೆ. ಏಲಕ್ಕಿ!

"ಭಾವ, ಇದು ನನ್ನ ಹೋಳಿಗೆ."

ಒಲೆಯ ಮೇಲೆ ನನ್ನ ಇಡ್ಲಿ ಪಾತ್ರೆ ಬುಸುಗುಡುತ್ತಿತ್ತು. ಮುಚ್ಚಳ ತೆಗೆದು, ಆವಿಯ ಮೇಲೆ ಆ ಹಾಳೆಯನ್ನು ಹಿಡಿದು, ನನ್ನ ದೋಸೆ ಮೊಗಚುವ ಕೈಯ ಹದದಿಂದಲೇ ಮೂಲೆಯನ್ನು ಎಬ್ಬಿಸಿದೆವು. ಎಂಬತ್ತಮೂರು ಹೊರಗೆ ಬಂತು. ಕೊಠಡಿಯ ಸಹಿಹಾಳೆ. ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ ಆ ಹುಡುಗಿಯ ಸಹಿ, ಪಕ್ಕದಲ್ಲಿ ಅವಳ ಉತ್ತರಪತ್ರಿಕೆಯ ಸಂಖ್ಯೆ.

ಇಡ್ಲಿಗಳು ಕಲ್ಲಾದವು. ಯಾರೂ ದೂರಲಿಲ್ಲ.

ಆ ವಾರ ಗೇಟು ಎಷ್ಟು ಸಲ ಕಿರ್ ಎಂದಿತೋ! ಭಾವ ಕೆರೆಯನ್ನು ಸುತ್ತಿದ್ದು ನೋಡಿ ಅಲ್ಲಿನ ಕೊಕ್ಕರೆಗಳೇ ಇವರಿಗೆ ದಾರಿ ಬಿಡಲು ಕಲಿತವು. ನಿವೃತ್ತಿಗೆ ಎಂಟು ತಿಂಗಳಿತ್ತು. ಕೋರ್ಟಿನ ಮುಂದೆ "ಇಲ್ಲ" ಎಂದವರು ಅವರೇ. ಕಚೇರಿಯ ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದು ಅಕ್ಕನಿಗೂ ಕೇಳಿಸಿತಂತೆ: "ಗೆದ್ದಾಗಿದೆ ಬಿಡ್ರೀ ಸಾರ್. ಆ ಹುಡುಗಿ ಇನ್ನೊಂದ್ಸಲ ಪರೀಕ್ಷೆ ಬರ್ಕೊಳ್ಲಿ. ಗೆದ್ದವರೇ ಹೋಗಿ ಸೋಲಿಸಿ ಅಂತ ಎಲ್ಲಾದ್ರೂ ಕೇಳ್ತಾರಾ?"

"ಬರೆದ ಪರೀಕ್ಷೆನ ಯಾಕೆ ಇನ್ನೊಂದ್ಸಲ ಬರೀಬೇಕು?" ಎಂದರಂತೆ ಭಾವ. ಆ ಮಾತನ್ನು ಆರು ದಿನ, ಆರು ಮೇಜುಗಳ ಮುಂದೆ ನಿಂತು ಹೇಳಿದರಂತೆ. ಕೂರಿ ಎಂದರೆ ಕೂರಲಿಲ್ಲ. ಎದುರಿಗೆ ಮನುಷ್ಯ ಹೀಗೆ ಓಡಾಡುತ್ತಿದ್ದರೆ ಯಾವ ಅಧಿಕಾರಿ ಎಷ್ಟು ಹೊತ್ತು ತಡೆದಾರು? ಏಳನೆಯ ದಿನ ಒಪ್ಪಿಗೆಯ ಸಹಿ ಬಿತ್ತು.

ವಿಶ್ವವಿದ್ಯಾಲಯ ತನ್ನ ಗೆಲುವಿನ ವಿರುದ್ಧ ತಾನೇ ಮರುಪರಿಶೀಲನೆಯ ಅರ್ಜಿ ಹಾಕಿತು. ಜೊತೆಗೆ ಭಾವನ ಪ್ರಮಾಣಪತ್ರ, ಅಂದರೆ ಅಫಿಡವಿಟ್ಟು. ಅದನ್ನು ಮನೆಯಲ್ಲೇ ಓದಿದರು, ನಡೆಯುತ್ತ. "ನನ್ನ ನಾದಿನಿಯವರು ತಯಾರಿಸಿದ, ಪಾಕ ಎಳಸಾಗಿದ್ದ ಕಾಯಿಹೋಳಿಗೆಯನ್ನು ಕಡತದ ಸಮೀಪ ಸೇವಿಸಿದ್ದು ನನ್ನ ನಿರ್ಲಕ್ಷ್ಯ..."

"ರೀ, ಎಳಸು ಅನ್ನೋದನ್ನ ತೆಗೀರಿ, ಅವಳಿಗೆ ಬೇಜಾರಾಗುತ್ತೆ," ಎಂದಳು ಅಕ್ಕ.

"ಪಾಕ ಹದವಾಗಿದ್ರೆ ಹಾಳೆ ಅಂಟ್ತಿತ್ತಾ? ಸತ್ಯ ಅಂದ್ರೆ ಪೂರ್ತಿ ಇರ್ಬೇಕು."

"ನೋಡೇ, ನಿನ್ನ ಅಡುಗೆ ಹೈಕೋರ್ಟಿಗೆ ಹೋಗ್ತಿದೆ!" ಎಂದು ಅಕ್ಕ ನನ್ನ ಕಡೆ ತಿರುಗಿದಳು. ನಮ್ಮಮ್ಮ ಇದ್ದಿದ್ದರೆ ಯಾವ ಮುಖ ಇಟ್ಟುಕೊಂಡು ಹೇಳುತ್ತಿದ್ದೆನೋ!

ಕೋರ್ಟಿಗೆ ಹೋದ ದಿನ ಭಾವ ಐದೂವರೆಗೇ ಹೊರಟರು. ಅಂದು ಹೆಬ್ಬಾಳದಲ್ಲಿ ಏನೂ ಆಗಲಿಲ್ಲವಂತೆ; ಆರೂಕಾಲಿಗೆ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ಶತಪಥ ತುಳಿದರು. ನ್ಯಾಯಮೂರ್ತಿಗಳು ಪ್ರಮಾಣಪತ್ರ ಓದಿ, ಕನ್ನಡಕ ತೆಗೆದು, "ಹೋಳಿಗೆ ಚೆನ್ನಾಗಿತ್ತೇ?" ಎಂದರಂತೆ. "ರುಚಿಯ ಬಗ್ಗೆ ತಕರಾರಿಲ್ಲ ಸ್ವಾಮಿ," ಎಂದರಂತೆ ಭಾವ. ಸಂಖ್ಯೆ ಹಿಡಿದು ಹುಡುಕಿದಾಗ ಉತ್ತರಪತ್ರಿಕೆ ಬೇರೆ ಕಾಲೇಜಿನ ಕಟ್ಟಿನಲ್ಲಿ ಸಿಕ್ಕಿತು. ಹುಡುಗಿ ಪಾಸು, ಎಪ್ಪತ್ತೊಂದು ಅಂಕ.

ಪದವಿ ಪತ್ರ ಕೊಟ್ಟ ದಿನ ಸಂಜೆ ಭಾವ ಮೇಲೆ ಹೋಗದೆ ನಮ್ಮ ಬಾಗಿಲಲ್ಲೇ ನಿಂತರು. ಅಕ್ಕನೂ ಕೆಳಗಿಳಿದು ಬಂದಳು.

"ಆ ಮಗು ಬಂದಿತ್ತು, ಅಪ್ಪನ್ನ ಕರ್ಕೊಂಡು," ಎಂದರು. "ಪದವಿ ಪತ್ರ ಒಂದೇ ಸಾಲ್ದು, ಸಹಿಹಾಳೆದೂ ಒಂದು ನಕಲು ಬೇಕು ಸರ್ ಅಂತು. ಯಾಕಮ್ಮ ಅಂದೆ."

"ಯಾಕಂತೆ?" ಎಂದಳು ಅಕ್ಕ.

"ಕೇಸು ಸೋತ್ಮೇಲೆ ಆ ಅಪ್ಪ, ಅವಳ ಅಬ್ಬಾ, ಒಂದಿನ ಕೇಳಿದ್ರಂತೆ, ನಿಜ ಹೇಳು ಬೇಟಾ, ಅವತ್ತು ಎಲ್ಲಿಗೆ ಹೋಗಿದ್ದೆ ಅಂತ. ಬರ್ದಿದ್ದೀನಿ ಅಂದ್ರೂ ನಂಬ್ಲಿಲ್ಲ, ಅದಾದ್ಮೇಲೆ ಮನೇಲಿ ಯಾರೂ ಕೇಳ್ಲೇ ಇಲ್ವಂತೆ. ನಕಲು ಕೊಟ್ಟೆ. ಅಪ್ಪನ ಕೈಗೆ ಕೊಟ್ಲು. ಆತ ಆ ಸಹಿ ಮೇಲೆ ಬೆರಳಿಟ್ಕೊಂಡು ನಿಂತೇ ಇದ್ದ. ನಾನೇ ಕುರ್ಚಿ ಎಳೆದು, ಕೂತ್ಕೊಳಿ ಅಂದೆ."

ನಾನು ಒಳಗೆ ಹೋಗಿ ತಟ್ಟೆಗೆ ಹೋಳಿಗೆ ಹಾಕಿ ತಂದೆ. ಬೆಳಿಗ್ಗೆಯೇ ಮಾಡಿದ್ದೆ, ಪಾಕವನ್ನು ನೀರಿಗೆ ಹಾಕಿ ಉಂಡೆಯಾಗುತ್ತದೆಯೇ ಎಂದು ಮೂರು ಸಲ ನೋಡಿದ್ದೆ. ಹೊರಗೆ ಬಂದರೆ ಬಾಗಿಲಲ್ಲಿ ಭಾವ ಇಲ್ಲ. ಕೆರೆಗೆ ಹೊರಟರೇನೋ ಎಂದು ಗೇಟಿನ ಕಡೆ ನೋಡಿದೆ.

ಮೆಟ್ಟಿಲ ಮೇಲೆ ಕೂತಿದ್ದರು. ಎರಡೂ ಪಾದ ನೆಲಕ್ಕೆ ಊರಿ, ಎರಡೂ ಕೈ ಖಾಲಿ. ಅಕ್ಕ ಪಕ್ಕದಲ್ಲಿ ಕೂತು, ಎಲ್ಲಿ ಎದ್ದುಬಿಡುತ್ತಾರೋ ಎಂಬಂತೆ ಅವರ ಅಂಗಿಯ ತುದಿಯನ್ನು ಮೆಲ್ಲಗೆ ಹಿಡಿದುಕೊಂಡಿದ್ದಳು.