ಚಾಕು ವಾಪಸ್ ಪಡೆದ ಮಹನೀಯರಿಗೆ

ಮಾನ್ಯರೇ,

ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಚಾಕು ತಮ್ಮ ಬಳಿಯೇ ಭದ್ರವಾಗಿದೆಯೆಂದೂ ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಹೆಸರು, ವಿಳಾಸಗಳನ್ನು ಅಂದೇ ಕೇಳಿಕೊಳ್ಳದೆ ಹೋದದ್ದು ನನ್ನ ತಪ್ಪು. ಹಾಗಾಗಿ ಇದನ್ನು ಹೀಗೆ ಊರಿಗೆಲ್ಲ ಕಾಣುವಂತೆ ಬರೆಯಬೇಕಾಗಿದೆ, ಮನ್ನಿಸಬೇಕು.

ತಮಗೆ ದಿನಕ್ಕೆ ನೂರೆಂಟು ಜನ ಎದುರಾಗುತ್ತಿರಬಹುದು, ಆದ್ದರಿಂದ ಜ್ಞಾಪಿಸುತ್ತೇನೆ. ಕಳೆದ ವಾರ ಸಂಜೆ, ಲಿಫ್ಟ್ ಕೆಟ್ಟು ಕೂತಿರುವ ಕಟ್ಟಡವೊಂದರ ಮೆಟ್ಟಿಲ ತಿರುವಿನಲ್ಲಿ, ಮೇಲಿನಿಂದ ಇಳಿದು ಬರುತ್ತಿದ್ದ ಒಬ್ಬ ಕನ್ನಡಕದವನ ಹೊಟ್ಟೆಗೆ ತರಕಾರಿ ಹೆಚ್ಚುವ ಚಾಕು ತೋರಿಸಿ ‘ಲೇ, ಬ್ಯಾಗ್ ಕೊಡೋ’ ಎಂದಿರಲ್ಲ, ಆ ಕನ್ನಡಕದವನೇ ನಾನು. ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ಪ್ಲಾಸ್ಟರಿನ ಧೂಳು ಮತ್ತು ಮೇಣದ ವಾಸನೆಯ ನಡುವೆ ಕುಳಿತು, ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ನನ್ನ ಕಸುಬು.

ತಮ್ಮ ಮೇಲೆ ದೂರು ಕೊಡುವ ಉಳಿದವರಿಗೂ ನನಗೂ ಒಂದು ಸಣ್ಣ ವ್ಯತ್ಯಾಸವಿದೆ. ಅವರು ತಮ್ಮ ಕೈಯಿಂದ ಚಾಕು ಕಿತ್ತುಕೊಳ್ಳಲು ಆಗದವರು. ನಾನು ಕಿತ್ತುಕೊಂಡವನು. ಇದಕ್ಕೆ ತಾವೇ ಸಾಕ್ಷಿ.

ಆತ್ಮರಕ್ಷಣೆಯ ವಿದ್ಯೆಯನ್ನು ನಾನು ಬೀದಿಬದಿಯಲ್ಲಿ ಕಲಿತವನಲ್ಲ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಶರ್ಟಿನ ತೋಳು ಹರಿಯುವಷ್ಟು ಮೈ ಬೆಳೆಸಿಕೊಂಡ ಮನುಷ್ಯ. ಒಮ್ಮೆ ಎಲ್ಲರೂ ಊಟಕ್ಕೆ ಕೂತಾಗ ‘ಕಳ್ಳ ಬಂದ್ರೆ ನೀವು ಏನ್ ಮಾಡ್ತೀರಿ, ಹಲ್ಲು ಕಿರೀತೀರಾ?’ ಎಂದು ಕೇಳಿದ್ದರು, ಮಾವನವರು ಅದನ್ನು ಕೇಳಿ ತಲೆಯಾಡಿಸಿದ್ದರು. ಆವತ್ತೇ ನಿರ್ಧರಿಸಿದೆ. ಮೊದಲು ಸೇರಿದ್ದು ಪೀಠೋಪಕರಣದ ಅಂಗಡಿಯ ಮೇಲಿನ ಕರಾಟೆ ಶಾಲೆಗೆ. ಅಲ್ಲಿ ನಾವೆಲ್ಲ ಸಾಲಾಗಿ ನಿಂತು ಗಾಳಿಗೆ ಎಂಥ ಏಟು ಕೊಟ್ಟೆವೆಂದರೆ, ಆ ಸಭಾಂಗಣದ ಗಾಳಿ ಇಂದಿಗೂ ಯಾರ ತಂಟೆಗೂ ಹೋಗಿಲ್ಲ. ಆಮೇಲೆ ಕುಸ್ತಿ. ಕುಸ್ತಿಯಲ್ಲಿ ದೋಷವೇನೂ ಇಲ್ಲ, ಆದರೆ ಲಾರಿಗೆ ಮೂಟೆ ಹೊರುವವರೊಬ್ಬರು ನನ್ನ ಎದೆಯ ಮೇಲೆ ಮಲಗಿ ಸಮಾಧಾನವಾಗಿ ಉಸಿರಾಡುತ್ತಿದ್ದಾಗ, ಇಸ್ತ್ರಿ ಮಾಡಿದ ಬಟ್ಟೆಯ ಸಂಸಾರಸ್ಥರಿಗೆ ಇದು ಹೇಳಿಸಿದ್ದಲ್ಲ ಅನ್ನಿಸಿತು. ಮೂರನೆಯದು ಬೇಕರಿಯ ಹಿಂದಿನ ಬಾಕ್ಸಿಂಗ್ ಕೋಣೆ. ಅಲ್ಲಿ ಮೊದಲ ದಿನವೇ ನನ್ನ ಅರ್ಧ ತೂಕದ ಒಬ್ಬ ಕಾಲೇಜು ಹುಡುಗಿ, ಯಾವ ಮುನ್ಸೂಚನೆಯೂ ಇಲ್ಲದೆ, ನನ್ನ ಮೂಗಿಗೆ ಗುದ್ದಿದಳು. ಎಲ್ಲಿ ಹೊಡೆಯುತ್ತಾಳೆಂದು ಹೇಳಲಿಲ್ಲವಲ್ಲ ಎಂದು ತರಬೇತುದಾರರಲ್ಲಿ ದೂರಿಕೊಂಡರೆ, ಆ ಮಹಾಶಯರು ‘ಎದುರಿಗೆ ನಿಂತೋರು ನಿಮ್ಮ ಮಾತು ಕೇಳಲ್ಲ ಸಾರ್, ಅದನ್ನೇ ಇಲ್ಲಿ ಕಲಿಸೋದು’ ಎಂದರು. ಇಂಥ ಶಿಸ್ತಿಲ್ಲದ ಜಾಗದಲ್ಲಿ ಇರಬಾರದೆಂದು ಮೂಗು ಹಿಡಿದುಕೊಂಡೇ ಹೊರಬಂದೆ.

ಕೊನೆಗೆ ನನಗೆ ತಕ್ಕ ಗುರುಗಳು ಸಿಕ್ಕರು. ಮೆತ್ತನೆಯ ಹಾಸು, ಗೋಡೆಯ ತುಂಬ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು, ಒಬ್ಬರಿಗೂ ತರಚು ಗಾಯವಿಲ್ಲ. ಬೇರೆ ಕಡೆ ಕಲಿಯುವವರ ತುಟಿ ಊದಿರುತ್ತಿತ್ತು, ನಮ್ಮಲ್ಲಿ ಎಲ್ಲರೂ ಬಂದಷ್ಟೇ ಸುಂದರವಾಗಿ ಮನೆಗೆ ಹೋಗುತ್ತಿದ್ದೆವು, ವಿದ್ಯೆ ಯಾವುದು ಮೇಲೆಂದು ಇದರಲ್ಲೇ ಗೊತ್ತಾಗುವುದಿಲ್ಲವೇ? ನನ್ನ ಜೊತೆಗಾರರು ಬ್ಲೌಸ್ ಹೊಲಿಯುವ ಟೈಲರ್. ಬಹಳ ಸಾಧು. ರಬ್ಬರಿನ ಚಾಕು ಹಿಡಿದು, ಬಲಗಾಲು ಮುಂದಿಟ್ಟು, ಬಲಗೈ ಚಾಚಿ, ನಾನು ಮಣಿಕಟ್ಟು ಹುಡುಕಿಕೊಳ್ಳುವ ತನಕ ಹಾಗೇ ನಿಂತಿರುತ್ತಿದ್ದರು. ನಾನು ಮಣಿಕಟ್ಟು ತಿರುಚಿ ಚಾಕು ಕಸಿಯುತ್ತಿದ್ದೆ. ಗುರುಗಳು ‘ಭೇಷ್’ ಎನ್ನುತ್ತಿದ್ದರು. ಆಗ ನಾನು ಚಾಕುವನ್ನು ತಿರುಗಿಸಿ, ಹಿಡಿಯನ್ನು ಟೈಲರ್ ಕಡೆಗೆ ಮಾಡಿ, ಮರ್ಯಾದೆಯಿಂದ ಹಿಂದಿರುಗಿಸಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಬಾಗಿಸುತ್ತಿದ್ದೆ. ಮತ್ತೆ ಮೊದಲಿನಿಂದ. ವರ್ಷಗಟ್ಟಲೆ ಇದೇ. ನಿದ್ದೆಯಲ್ಲಿ ಎಬ್ಬಿಸಿದರೂ ಮಾಡಬಲ್ಲೆ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಮೆಟ್ಟಿಲ ತಿರುವಿನಲ್ಲಿ ನಡೆದದ್ದು ಇಷ್ಟೇ. ತಾವು ಚಾಕು ಚಾಚಿದಿರಿ. ನನ್ನ ಕೈ ನನ್ನನ್ನು ಕೇಳದೆ ತಮ್ಮ ಮಣಿಕಟ್ಟು ಹಿಡಿಯಿತು, ತಿರುಚಿತು, ಚಾಕು ನನ್ನ ಅಂಗೈಗೆ ಬಂತು. ತಾವು ಬೆಪ್ಪಾಗಿ ನೋಡಿದಿರಿ. ನನ್ನ ಜೀವಮಾನದ ಆ ಸುವರ್ಣ ಗಳಿಗೆಯಲ್ಲಿ, ಅದೇ ಕೈ, ಈ ಸಲವೂ ನನ್ನನ್ನು ಕೇಳದೆ, ಚಾಕುವನ್ನು ತಿರುಗಿಸಿ, ಹಿಡಿಯನ್ನು ತಮ್ಮ ಕಡೆಗೆ ಮಾಡಿ, ತಮಗೆ ಒಪ್ಪಿಸಿತು. ನಾನು ಒಂದು ಹೆಜ್ಜೆ ಹಿಂದೆ ಸರಿದು ತಲೆ ಬಾಗಿಸಿದೆ.

ಇಲ್ಲಿ ತಮ್ಮ ಸಂಸ್ಕಾರವನ್ನು ಎಷ್ಟು ಹೊಗಳಿದರೂ ಸಾಲದು. ಅದುವರೆಗೆ ‘ಲೇ’ ಎನ್ನುತ್ತಿದ್ದ ತಾವು, ಚಾಕು ತೆಗೆದುಕೊಂಡು, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಸಾರ್, ಹುಷಾರಾಗಿದೀರಾ?’ ಎಂದು ವಿಚಾರಿಸಿದಿರಿ. ಇಷ್ಟು ವರ್ಷದ ಸಾಧನೆಯಿಂದ ನನಗೆ ದಕ್ಕಿದ ಗೌರವ ಅದೊಂದೇ. ಆದರೆ ಅಲ್ಲಿಂದ ಮುಂದೆ ತಾವು ಮಾಡಿದ್ದಕ್ಕೆ ನನ್ನ ತೀವ್ರ ಆಕ್ಷೇಪಣೆಯಿದೆ. ಪಾಠದ ಪ್ರಕಾರ ತಾವು ಬಲಗಾಲು ಮುಂದಿಟ್ಟು ಎರಡನೆಯ ಬಾರಿ ದಾಳಿ ಮಾಡಬೇಕಿತ್ತು. ಅದಕ್ಕಾಗಿ ನಾನು ಸರ್ವಸನ್ನದ್ಧನಾಗಿ ತಲೆ ಬಾಗಿಸಿಕೊಂಡೇ ಕಾಯುತ್ತಿದ್ದೆ. ತಾವೋ, ದಾಳಿಯ ಗೋಜಿಗೇ ಹೋಗದೆ, ನನ್ನ ಹೆಗಲಿನಿಂದ ಬ್ಯಾಗನ್ನು ಮೆಲ್ಲಗೆ ಕಳಚಿಕೊಂಡು ಇಳಿದು ಹೋದಿರಿ. ಇದು ಯಾವ ಕಲೆಯಲ್ಲೂ ಇಲ್ಲದ ಪಟ್ಟು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಮುಂದೆ ಇಂಥ ಸಂದರ್ಭಗಳಲ್ಲಿ ಬಲಗೈಯನ್ನೇ ಬಳಸಬೇಕು, ಚಾಚಿದ ಕೈಯನ್ನು ಎದುರಾಳಿ ಸಿದ್ಧನಾಗುವವರೆಗೆ ಹಾಗೇ ಇಟ್ಟುಕೊಂಡಿರಬೇಕು, ಮೆಟ್ಟಿಲಿಗೆ ಮೆತ್ತನೆಯ ಹಾಸು ಹಾಕಿಸಬೇಕು, ಬಿಡುವಾದರೆ ನಮ್ಮ ಶಾಲೆಗೂ ಬಂದು ಒಂದಷ್ಟು ದಿನ ಹೀಗೇ ಮಾತು ಕೇಳದೆ ನಡೆದುಕೊಳ್ಳಬೇಕು. ಟೈಲರ್ ಅವರಿಗೆ ಎಷ್ಟು ಹೇಳಿದರೂ ಅದು ಬರುತ್ತಿಲ್ಲ. ಗುರುಗಳಿಗೆ ನಡೆದದ್ದನ್ನೆಲ್ಲ ವರದಿ ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ‘ಹಿಡಿ ಅವನ ಕಡೆಗಿತ್ತು ತಾನೇ?’ ಎಂದು ಮಾತ್ರ ಕೇಳಿದರು. ಹೌದೆಂದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಆ ಬ್ಯಾಗಿನ ವಿಷಯ. ಅದನ್ನು ತೆರೆದಾಗ ಮೇಲು ದವಡೆ, ಕೆಳ ದವಡೆಗಳ ಒಂದು ಪೂರ್ತಿ ಸೆಟ್ ತಮ್ಮನ್ನು ನೋಡಿ ನಕ್ಕಿರಬಹುದು. ಅದು ನನ್ನ ಮಾವನವರದು. ಅವರು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಬಾಯಿ ತೆರೆದರೆ ಇಡೀ ಮಾರುಕಟ್ಟೆ ತಿರುಗಿ ನೋಡುತ್ತಿತ್ತಂತೆ. ಕೊನೆಯ ಹಲ್ಲು ಉದುರಿದ ಮೇಲೆ ಆ ಮನುಷ್ಯ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ಕೂತುಬಿಟ್ಟರು. ನೀರು ಬೇಕಾದರೂ ಕೈಸನ್ನೆ. ಮೊಮ್ಮಕ್ಕಳು ಫೋನ್ ಮಾಡಿದರೆ ಅತ್ತೆಯ ಕೈಗೆ ಕೊಡುವುದು. ‘ಬಾಯಿ ಬಿಟ್ರೆ ಜನ ನಗ್ತಾರೆ ಕಣೇ’ ಎಂದು ಅತ್ತೆಗೆ ಒಮ್ಮೆ ಹೇಳಿದರಂತೆ, ಅದೂ ಟವೆಲಿನ ಹಿಂದಿನಿಂದ. ಬಾಯಿಯ ಅಚ್ಚು ತೆಗೆಸಿಕೊಳ್ಳಲು ಅವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಹಳೆಯ ಫೋಟೋ ನೋಡಿ ಅವರ ಮುಂದಿನ ಎರಡು ಹಲ್ಲುಗಳ ನಡುವಿನ ಸಂದನ್ನೂ ಬಿಡದೆ ಮಾಡಿದ್ದೆ. ನಾನು ಇದುವರೆಗೆ ಮಾಡಿದ್ದರಲ್ಲೆಲ್ಲ ಒಳ್ಳೆಯ ಕೆಲಸ ಅದು. ಸೆಟ್ ಹೊರತೆಗೆಯುವಾಗ ಪ್ಲಾಸ್ಟರಿನ ಅಚ್ಚು ಒಡೆಯಲೇಬೇಕಾಗುತ್ತದೆ, ಒಡೆದಿದ್ದೆ. ಆ ಸೆಟ್ಟನ್ನು ಅವರಿಗೆ ತೊಡಿಸಲೆಂದೇ ಅಂದು ಮೆಟ್ಟಿಲಿಳಿಯುತ್ತಿದ್ದೆ.

ಬರಿಗೈಯಲ್ಲಿ ಮಾವನ ಮನೆಗೆ ಹೋದಾಗ ಎಲ್ಲರೂ ಹೊರಕೋಣೆಯಲ್ಲಿ ಸೇರಿದ್ದರು. ಷಡ್ಡಕರೂ ತೋಳು ಕಟ್ಟಿಕೊಂಡು ಕೂತಿದ್ದರು. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಚಾಕು ಕಿತ್ತುಕೊಂಡೆ, ವಾಪಸ್ ಕೊಟ್ಟೆ, ತಲೆ ಬಾಗಿಸಿದೆ. ನನ್ನ ಹೆಂಡತಿ ನೆಲ ನೋಡಿದಳು. ಆಗ ಟವೆಲಿನ ಹಿಂದಿನಿಂದ ಕುಕ್ಕರ್ ಸೀಟಿ ಹೊಡೆದಂಥ ಸದ್ದು ಬಂತು. ಮಾವನವರು ನಗುತ್ತಿದ್ದರು. ಟವೆಲ್ ಜಾರಿ ತೊಡೆಗೆ ಬಿತ್ತು, ಅವರಿಗೆ ಗಮನವಿಲ್ಲ. ಗುಲಾಬಿ ವಸಡು ಅಷ್ಟೂ ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕು, ಎಡಗೈಗೆ ಬಲಗೈ ಬಡಿದು, ಹರಾಜಿನ ಗಂಟಲಲ್ಲಿ ‘ಚಾಕು ಒಂದ್ಸಲ, ಚಾಕು ಎರಡ್ಸಲ, ಚಾಕು ವಾಪಸ್’ ಎಂದು ಕೂಗಿದರು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

ಆ ಬಾಯಿ ಇನ್ನೂ ಮುಚ್ಚಿಲ್ಲ, ಮಾನ್ಯರೇ. ಬೆಳಗಾದರೆ ಗೇಟಿನ ಬಳಿ ನಿಂತು ಹೋಗುವವರನ್ನು ಬರುವವರನ್ನು ತಡೆದು ಹೇಳುತ್ತಾರೆ. ಮತ್ತೊಮ್ಮೆ ಅಚ್ಚು ತೆಗೆಯೋಣವೇ ಎಂದರೆ ‘ಆಮೇಲೆ ನೋಡಣ, ಈಗ ಪುರುಸೊತ್ತಿಲ್ಲ’ ಎನ್ನುತ್ತಾರೆ. ನನ್ನ ಕಸುಬಿನ ಜಾಣತನದಿಂದ ಆಗದ ಕೆಲಸ ನನ್ನ ಪೆದ್ದುತನದಿಂದ ಆಯಿತಲ್ಲ ಎಂದು ನನಗೆ ಕೊಂಚ ಬೇಸರವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮದುವೆಯಾದಾಗಿನಿಂದ ನನ್ನನ್ನು ‘ಎರಡನೆಯವಳ ಗಂಡ’ ಎಂದೇ ಪರಿಚಯಿಸುತ್ತಿದ್ದವರು, ಗೇಟಿನ ಬಳಿ ಈ ಕತೆಯನ್ನು ‘ನಮ್ಮಳಿಯ ಏನ್ ಮಾಡ್ದ ಗೊತ್ತಾ’ ಎಂದು ಶುರು ಮಾಡುತ್ತಾರೆ. ಅದನ್ನು ಕೇಳಲೆಂದೇ ನಾನು ಎರಡು ಸಲ ಬೇಕೆಂದೇ ಆ ಕಡೆ ಹೋಗಿ ಬಂದಿದ್ದೇನೆ.

ಸೆಟ್ ತಮಗಾಗಲಿ, ತಮ್ಮ ಬಳಗದಲ್ಲಿ ಯಾರಿಗೇ ಆಗಲಿ ಕೂರುವುದಿಲ್ಲ. ದಯಮಾಡಿ ಮೂರನೆಯ ಮಹಡಿಗೆ ತಲುಪಿಸಬೇಕು. ಮಾತಿಗೆ ಬೇಡವಾದರೂ ಊಟಕ್ಕೆ ಬೇಕು.

ತಮ್ಮ ಕೈಯಿಂದ ಒಮ್ಮೆ ಗೆದ್ದು ತಮ್ಮ ಕೈಗೇ ಒಪ್ಪಿಸಿದ,
ತಮ್ಮ ವಿಶ್ವಾಸಿ,
ಹಲ್ಲಿನವನು

ತಾ.ಕ.: ಮಾವನವರ ಕತೆಯಲ್ಲಿ ತಾವು ಮೊದಲ ದಿನ ನನ್ನಷ್ಟೇ ಎತ್ತರವಿದ್ದಿರಿ. ಮರುದಿನ ಬಾಗಿಲು ದಾಟಲು ತಮಗೆ ತಲೆ ತಗ್ಗಿಸಬೇಕಾಯಿತು. ನಿನ್ನೆ ಗ್ಯಾಸ್ ಸಿಲಿಂಡರ್ ತಂದವರಿಗೆ ಹೇಳುವಾಗ ತಾವು ಇಬ್ಬರಾಗಿದ್ದಿರಿ, ತರಕಾರಿ ಚಾಕು ಮಚ್ಚಾಗಿತ್ತು. ಅಳಿಯನ ಮಾನ ಉಳಿಸಲು ಆ ಹಿರಿಯರು ತಮ್ಮನ್ನು ಹೀಗೆ ದಿನಾ ಬೆಳೆಸುತ್ತಿದ್ದಾರೆ. ತಮ್ಮ ನಿಜವಾದ ಎತ್ತರ ಬಲ್ಲವನು ನಾನೊಬ್ಬನೇ. ಹಲ್ಲು ಬೇಗ ಬಾರದಿದ್ದರೆ ಅದನ್ನು ಸೆಂಟಿಮೀಟರ್ ಸಮೇತ ಪ್ರಕಟಿಸಬೇಕಾದೀತು. ಆಗ ನಮ್ಮಿಬ್ಬರ ಮಾನವೂ ಒಟ್ಟಿಗೇ ಹೋಗುತ್ತದೆ.