ಕಾಕಾನ ಮಾರ್ಕಾ

ಮಧ್ಯಯುಗದ ಪೋಲೆಂಡಿನ ಸರದಾರರೆಲ್ಲ ಮೂಲತಃ ಹತ್ತಿ ವ್ಯಾಪಾರಿಗಳು! ಇದನ್ನು ಒಪ್ಪದವರಿಗೆ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಚಹಾ ಸಿಗುತ್ತಿರಲಿಲ್ಲ.

ಕೆಳಮನೆಯ ಕಾಕಾ ನನಗೆ ಸಂಬಂಧಿಯಲ್ಲ. ನಾನು ಮಂಡ್ಯದವನು, ಅವರು ಗದಗಿನವರು. ನಲವತ್ತು ವರ್ಷ ಹತ್ತಿ ಪ್ರೆಸ್ಸಿನಲ್ಲಿ ಬೇಲುಗಳಿಗೆ, ಅಂದರೆ ಒತ್ತಿ ಕಟ್ಟಿದ ಹತ್ತಿ ಮೂಟೆಗಳಿಗೆ, ಮಾರ್ಕಾ ಹಾಕಿ, ಈಗ ಮಗಳ ಮನೆಗೆ ಬಂದಿದ್ದರು. ಮಾರ್ಕಾ ಎಂದರೆ ಇದು ಯಾರ ಮಾಲು ಎಂದು ಹೇಳುವ ಗುರುತು. ಕೊರೆದ ತಗಡನ್ನು ಬೇಲಿನ ಮೇಲಿಟ್ಟು ಕರಿ ಮಸಿ ಬಳಿದರೆ ಮೂಡುತ್ತದೆ. ಅವರದು ಅರ್ಧಚಂದ್ರ, ಅದರ ಮೇಲೊಂದು ಬಾಣ. ಆ ತಗಡು ಅವರ ಸೂಟ್‌ಕೇಸಿನಲ್ಲಿ ಅಮೆರಿಕಕ್ಕೂ ಬಂದಿತ್ತು!

ಕಾಕಾ ಸುಮ್ಮನೆ ಕೂರುವವರಲ್ಲ. ಮಾತ್ರೆ ಡಬ್ಬಿಯ ಬಾಯಿಗೆ ತುರುಕಿದ ಹತ್ತಿಯನ್ನು ಎಳೆದು, ಹಿಂಜಿ, ಬೆಳಕಿಗೆ ಹಿಡಿದು, ಇದು ಹತ್ತಿಯೇ ಅಲ್ಲ, ಶುದ್ಧ ಮೋಸ ಎಂದು ತೀರ್ಪು ಕೊಡುತ್ತಿದ್ದರು. ಮಗಳ ಅಕ್ಕಿ ಚೀಲ, ಕಸದ ಡಬ್ಬ, ಮೊಮ್ಮಗಳ ಊಟದ ಬ್ಯಾಗು, ಎಲ್ಲದಕ್ಕೂ ಮಾರ್ಕಾ ಬಿತ್ತು. ಬಾಣ ಕಂಡು, ಆಯುಧದ ಚಿತ್ರ ಕೂಡದು ಎಂದು ಶಾಲೆಯಿಂದ ಚೀಟಿಯೂ ಬಂತು.

ಒಂದು ದಿನ ಲೈಬ್ರರಿಯಲ್ಲಿ ಅವರ ಕೈಗೆ ಪೋಲೆಂಡಿನ ಸರದಾರರ ಲಾಂಛನಗಳ ದಪ್ಪ ಪುಸ್ತಕ ಸಿಕ್ಕಿತು. ತೆರೆದರೆ ಏನು ಕಾಣಬೇಕು? ಅರ್ಧಚಂದ್ರ, ಬಾಣ! ಅಂದಿನಿಂದ ಪುಸ್ತಕ ಅವರ ತಲೆದಿಂಬಿನ ಪಕ್ಕವೇ ಇತ್ತು.

"ಕಾಕಾ, ಪೋಲೆಂಡಲ್ಲಿ ಹತ್ತಿ ಬೆಳೆಯೋದೇ ಇಲ್ವಲ್ಲ" ಎಂದೆ.

"ಬೆಳೀದಿದ್ರ ಏನಾತು? ಮುಂಬೈದಾಗ ಹತ್ತಿ ಬೆಳೀತಾರೇನು? ವ್ಯಾಪಾರ ಎಲ್ಲಾ ಅಲ್ಲೇ ಅಲ್ಲೇನು?"

ಅವರಿಗೆ ಇಂಗ್ಲಿಷ್ ಓದಲು ಕಷ್ಟ, ಹಾಗಾಗಿ ಶನಿವಾರಗಳಲ್ಲಿ ನಾನೇ ಓದಿ ಹೇಳುತ್ತಿದ್ದೆ. ಒಂದು ಪುಟ ಅವರಿಗೆ ಬಹಳ ಹಿಡಿಸಿತು. ಪೋಲೆಂಡಿನ ಮನೆತನಗಳು ಲಿಥುವೇನಿಯಾದ ಮನೆತನಗಳನ್ನು ಕರೆದು, ನಮ್ಮ ಲಾಂಛನವನ್ನೇ ಹಾಕಿಕೊಳ್ಳಿ, ಇನ್ನು ನೀವು ನಮ್ಮವರು ಎಂದರಂತೆ. ರಕ್ತಸಂಬಂಧವೇ ಬೇಕಾಗಲಿಲ್ಲ. ಕಾಕಾ ಅದನ್ನು ಮೂರು ಸಲ ಓದಿಸಿದರು. ಮಾರ್ಕಾ ಇಲ್ಲದ ಬೇಲನ್ನು ಗೋದಾಮಿನೊಳಗೆ ಯಾರೂ ಬಿಟ್ಟುಕೊಳ್ಳುವುದಿಲ್ಲ, ಅದು ಹೊರಗೆ ಮಳೆಯಲ್ಲೇ ನೆನೆಯುತ್ತದೆ ಎಂದರು.

ನನಗೇನು ಮಾರ್ಕಾ ಕಡಿಮೆಯೇ? ಡಾಟ್‌ಕಾಮ್ ಕಾಲ, ಇಂಟರ್ನೆಟ್ ಕಂಪನಿಯ ಕೆಲಸ! ಅಂಗಿ, ಟೋಪಿ, ಚೀಲ, ಕಾಫಿ ಕಪ್ಪು, ಎಲ್ಲದರ ಮೇಲೂ ನಮ್ಮ ಕಂಪನಿಯ ಲೋಗೋ. ನಾಯಿ ಸಾಕಿದ್ದರೆ ಅದಕ್ಕೂ ಒಂದು ಅಂಗಿ ಸಿಗುತ್ತಿತ್ತು.

ಒಂದು ಮಂಗಳವಾರ ಕಂಪನಿಯೇ ಮುಚ್ಚಿತು. ಕೆಲಸದ ಜೊತೆ ವೀಸಾವೂ ಅಲುಗಾಡಿತು. ಬಾಡಿಗೆ ಕಟ್ಟಲಾಗದೆ, ಬೇರೆ ಕೆಲಸ ಸಿಗುವವರೆಗೆ ಕ್ಯಾಂಪ್‌ಬೆಲ್ ಊರಿನಲ್ಲಿದ್ದ ಗೆಳೆಯನ ಮನೆಯ ಹಾಲ್‌ನಲ್ಲಿ ಮಲಗುವುದೆಂದಾಯಿತು. ಕೆಲಸ ಸಿಗದಿದ್ದರೆ ಎಂಬುದನ್ನು ಯೋಚಿಸುವ ಧೈರ್ಯವಿರಲಿಲ್ಲ. ನಾಲ್ಕು ಬಾಕ್ಸು ಕಟ್ಟಿ ಮೆಟ್ಟಿಲ ಬಳಿ ಇಟ್ಟು, ಮಾಲೀಕರಿಗೆ ಮನೆಯ ಬೀಗದಕೈ ಕೊಟ್ಟು ಬಂದೆ.

ಕಾಕಾ ಬಾಕ್ಸುಗಳ ಮುಂದೆ ಮೊಣಕಾಲೂರಿ ಕೂತಿದ್ದರು. ಪಕ್ಕದಲ್ಲಿ ಮಸಿ, ಕೈಯಲ್ಲಿ ತಗಡು. ನಾಲ್ಕರ ಮೇಲೂ ಅರ್ಧಚಂದ್ರ, ಬಾಣ.

"ಯಾರರ ಕೇಳಿದ್ರ ನಮ್ಮ ಪೈಕಿ ಅನ್ನು, ತಮ್ಮಾ" ಎಂದರು.

ವರ್ಷವಿಡೀ ಅವರನ್ನು ನೋಡಿ ನಕ್ಕವನು ನಾನು. ಅವತ್ತು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಮೊದಲ ಬಾಕ್ಸನ್ನು ಎದೆಗವಚಿ ಎತ್ತಿದೆ. ಮಸಿ ಇನ್ನೂ ಹಸಿಯಾಗಿತ್ತು. ಅಂಗಿಗೆ ಮೆತ್ತಿತು, ಕಂಪನಿ ಲೋಗೋದ ಮೇಲೆಯೇ. ಆ ಅಂಗಿಯನ್ನು ನಾನು ಇವತ್ತಿಗೂ ಒಗೆದಿಲ್ಲ.