ಚಿಕ್ಕಮ್ಮನ ಮಡಿ

ನಮ್ಮ ಚಿಕ್ಕಮ್ಮನಷ್ಟು ಮಡಿ ಮಾಡುವವರು ಸಿದ್ದಾಪುರ ಸೀಮೆಯಲ್ಲೇ ಇಲ್ಲ. ದೇವರನ್ನು ನಂಬುತ್ತಾರೋ ಎಂದು ಮಾತ್ರ ಕೇಳಬೇಡಿ, ಅದು ಬೇರೆ ವಿಷಯ!

ಕೋಲಸಿರ್ಸಿಯ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಇದೇ ಚಿಕ್ಕಮ್ಮ ಮಡಿಯಲ್ಲಿದ್ದ ನನ್ನ ಅಜ್ಜಿಯನ್ನು ಮುಟ್ಟಿ, ಮಿಡಿ ಉಪ್ಪಿನಕಾಯಿಯ ಭರಣಿಗೆ ಹಸಿ ಕೈ ಹಾಕಿ, ಒಂದೇ ದಿನ ಎರಡು ಅಪರಾಧ ಮಾಡಿದವರು. ಅಜ್ಜಿ ಎರಡನ್ನೂ ಮರೆಯಲಿಲ್ಲ.

ಆಮೇಲೆ ಶಿರಸಿಯಲ್ಲಿ ಮಂಗನ ಕಾಯಿಲೆಯ ರಕ್ತ ಪರೀಕ್ಷಿಸುವ ಲ್ಯಾಬಿನಲ್ಲಿ ಚಿಕ್ಕಮ್ಮನಿಗೆ ಕೆಲಸ ಸಿಕ್ಕಿತು. ಆ ವೈರಸ್ಸಿನೊಳಗೆ ಇರುವುದು ಆರ್‌ಎನ್‌ಎ ಅಂತೆ. ಮಹಾ ನಾಜೂಕು! ಬರಿಗೈ ತಾಗಿದರೆ ಸಾಕು, ನಮ್ಮ ಚರ್ಮದ ಮೇಲಿರುವ ಯಾವುದೋ ಕಿಣ್ವ ಅದನ್ನು ತಿಂದು ಮುಗಿಸುತ್ತದಂತೆ. ಅಲ್ಲಿಂದ ಶುರುವಾಯಿತು ನೋಡಿ. ಬಸ್ಸಿನ ಕಂಬಿ ಹಿಡಿಯಲು ಗ್ಲೌಸು. ಮೊಸರು ಕಡೆಯಲು ಗ್ಲೌಸು. ಅರಿಶಿನ ಕುಂಕುಮ ಕೊಡಲೂ ಗ್ಲೌಸು! ನಾನು ಭರಣಿಯ ಹತ್ತಿರ ಸುಳಿದರೆ, "ತಮಾ, ಮುಟ್ಟಡ! ಎಲ್ಲರ ಕೈಯಲ್ಲೂ ಇದ್ದು ಆ ಕಿಣ್ವ" ಎಂಬ ಕೂಗು. ಸೊಸೆಯ ಮಾತುಗಳಲ್ಲಿ ಅಜ್ಜಿಗೆ ಒಪ್ಪಿಗೆಯಾದದ್ದು ಇದೊಂದೇ.

"ನೀ ಅಲ್ಲಿ ಮಾಡದು ಎಂತದೇ?" ಎಂದು ಅಜ್ಜಿ ಒಮ್ಮೆ ಕೇಳಿದರು.

"ನಮ್ಮ ಮೈಯೊಳಗೆ ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯದು ರೂಢಿ ಅತ್ತೆ. ಆದ್ರೆ ನಮ್ಮ ಯಂತ್ರಕ್ಕೆ ಡಿಎನ್‌ಎ ಮಾತ್ರ ಗೊತ್ತಾಗ್ತು. ಅದಕ್ಕೇ ಒಂದು ಕಿಣ್ವ ಹಾಕಿ, ಆರ್‌ಎನ್‌ಎ ನೋಡ್ಕಂಡು ಡಿಎನ್‌ಎ ಬರೆಸದು. ಉಲ್ಟಾ."

ಅಜ್ಜಿ ಮಿಡಿ ಒರೆಸುವುದನ್ನು ನಿಲ್ಲಿಸಲಿಲ್ಲ. "ಅಂದ್ರೆ ಸೊಸೆ ಹೇಳದು, ಅತ್ತೆ ಕೇಳದು. ಅದಕ್ಕೆ ಲ್ಯಾಬ್ ಎಂತಕ್ಕೆ? ನಮ್ಮನೆ ಸಾಕಾಗಿತ್ತು!"

ಕಳೆದ ಬೇಸಿಗೆಯಲ್ಲಿ ಅಜ್ಜಿಗೆ ಜ್ವರ ಬಂತು. ಹಿಂದಿನ ವಾರ ಒಣಎಲೆ ಗುಡಿಸಿ ತರಲು ಕಾಡಂಚಿಗೆ ಹೋಗಿ, ಕಾಲಿಗೆ ಕಚ್ಚಿದ, ಆ ಕಾಯಿಲೆ ಹರಡುವ ಉಣುಗು ಕಿತ್ತೆಸೆದು ಬಂದಿದ್ದರು. ಅಲ್ಲೇ ಹತ್ತಿರ ಒಂದು ಮಂಗ ಸತ್ತು ಬಿದ್ದಿತ್ತು. ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಅದು ಹೋದದ್ದು ಚಿಕ್ಕಮ್ಮನ ಮೇಜಿಗೇ.

ಬೇರೆಯವರಿಗೆ ಅವರು ಕೊಡಲಿಲ್ಲ. ಒಂದರ ಮೇಲೊಂದು ಗ್ಲೌಸು ಹಾಕಿ ತಾವೇ ಪರೀಕ್ಷೆಗೆ ಕೂತರಂತೆ. ಯಂತ್ರ "ಇಲ್ಲ" ಎಂದಿತು. ರಕ್ತದಲ್ಲಿ ರೋಗವೇ ಇಲ್ಲವೋ, ತನ್ನ ಕೈಯೇ ತಾಗಿ ಆರ್‌ಎನ್‌ಎ ಕೆಟ್ಟಿತೋ? ನಂಬದೆ ಮೊದಲಿನಿಂದ ಮಾಡಿದರು. ಮತ್ತೆ "ಇಲ್ಲ."

ಸಂಜೆ ಆಸ್ಪತ್ರೆಗೆ ಬಂದಾಗ ಚಿಕ್ಕಮ್ಮನ ಕೈಯಲ್ಲಿ ಗ್ಲೌಸು ಇರಲಿಲ್ಲ. ಅಜ್ಜಿ ಆಗಷ್ಟೇ ಮಡಿಸೀರೆ ಉಟ್ಟು ಮಂಚದ ಮೇಲೇ ಜಪಕ್ಕೆ ಕೂತಿದ್ದರು. ಚಿಕ್ಕಮ್ಮ ಅಜ್ಜಿಯ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು.

"ನಿಮ್ಮ ಮಡಿ ಹೋತು ಅತ್ತೆ" ಎಂದರು ಕೊನೆಗೆ.

"ನಿಂದೂ ಹೋತಲೇ. ಹೋಗ್ಲಿ ಬಿಡು" ಎಂದ ಅಜ್ಜಿ ಕೈ ಬಿಡಲಿಲ್ಲ.